ಎಷ್ಟು ಬೆರಳು, ಯಾರ ಬೆರಳು

ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದದ್ದು ಎಲ್‌ಐಸಿ ವಸತಿ ಸಮುಚ್ಚಯದಿಂದ. ಇಂದಿರಾನಗರದ ಮಗ್ಗುಲಲ್ಲಿ, ಹಳೇ ವಿಮಾನ ನಿಲ್ದಾಣ ರಸ್ತೆಗೆ ಹತ್ತಿರವಾಗಿ ಇರುವ ಈ ಬಡಾವಣೆಯ ಆಸುಪಾಸಿನಲ್ಲಿ ಒಂದು ಸುತ್ತು ಬಂದರೆ ಬೆಂಗಳೂರಿನ ತಂತ್ರಜ್ಞಾನದ ಚರಿತ್ರೆಯ ದೊಡ್ಡದೊಂದು ಪಾಲು ಎದುರಾಗುತ್ತದೆ. ಮುರುಗೇಶಪಾಳ್ಯದ ವಿಂಡ್ ಟನೆಲ್ ರಸ್ತೆ ಎನ್‌ಎಎಲ್‌ನ ಗಾಳಿ ಸುರಂಗದ ಹೆಸರು ಹೊತ್ತಿದೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮುಂದೆ ಹಲವು ವರ್ಷ ಕಚೇರಿ ನಡೆಸಿದ್ದು ಅದೇ ರಸ್ತೆಯಲ್ಲಿ. ತಿಪ್ಪಸಂದ್ರ ದಾಟಿ ಸಿ.ವಿ. ರಾಮನ್ ನಗರಕ್ಕೆ ಹೋದರೆ ಬಾಗ್ಮನೆ ಟೆಕ್ ಪಾರ್ಕ್. ಮೊಟೊರೊಲಾ, ಸ್ಯಾಮ್‌ಸಂಗ್ ಕಂಪನಿಗಳ ಫೋನ್ ತಂತ್ರಾಂಶದ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದ ಜಾಗ. ಇನ್ನೊಂದು ಮಗ್ಗುಲಿನ ದೊಮ್ಮಲೂರಿನಲ್ಲಿ ಫೋನಿನ ಪೇಟೆಂಟುಗಳ ಬೆನ್ನು ಹತ್ತಿದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ.

ಈ ಸೀಮೆಯಲ್ಲಿ ಫೋನಿನ ತಂತ್ರಾಂಶ ಬರೆಯುವುದು ಒಂದು ದೊಡ್ಡ ಕಸುಬಾಗಿ ಬೆಳೆದ ಕಾಲದಲ್ಲೇ ಕಂಪ್ಯೂಟರಿನ ಹಳೆಯ ನಂಬಿಕೆಯೊಂದು ಬಿದ್ದುಹೋಯಿತು. ಯಂತ್ರದ ಮುಂದೆ ಒಬ್ಬರೇ ಕೂತಿರುತ್ತಾರೆ, ಅವರದು ಒಂದೇ ಕೈ, ಆ ಕೈ ಒಂದು ಹೊತ್ತಿಗೆ ಒಂದೇ ಕಡೆ ಬೊಟ್ಟು ಮಾಡುತ್ತದೆ ಎಂಬ ನಂಬಿಕೆ ಅದು. ಅದು ಬಿದ್ದ ಬಗೆಯನ್ನು ಹೇಳುವವರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದಿಂದ ಶುರು ಮಾಡಿ ಅಲ್ಲಿಗೇ ಮುಗಿಸುತ್ತಾರೆ. ಬೆಂಗಳೂರಿಗೆ ಅದರಲ್ಲಿ ತನ್ನದೇ ಒಂದು ಅಧ್ಯಾಯವಿದೆ. ಅಲ್ಲಿನವರು ಒಬ್ಬ ಮನುಷ್ಯನ ಹತ್ತು ಬೆರಳುಗಳನ್ನು ಎಣಿಸುತ್ತಿದ್ದಾಗ ಇಲ್ಲಿನವರು ಒಂದೇ ಯಂತ್ರದ ಮುಂದೆ ಮುಗಿಬಿದ್ದ ಹಲವು ಮಕ್ಕಳ ಕೈಗಳನ್ನು ಎಣಿಸುತ್ತಿದ್ದರು.

ಟಚ್ ಸ್ಕ್ರೀನ್ ಮೌಸ್‌ನಷ್ಟೇ ಹಳೆಯದು. ಬ್ರಿಟನ್ನಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ.ಎ. ಜಾನ್ಸನ್ 1965ರಲ್ಲಿ ಬೆರಳಿನ ಸ್ಪರ್ಶ ಅರಿಯುವ ಪರದೆಯ ಬಗ್ಗೆ ಬರೆದರು. ಅವರ ಮನಸ್ಸಿನಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಣದ ಕೆಲಸ. 1970ರ ದಶಕದಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ತನ್ನ ಕಣವೇಗವರ್ಧಕದ ನಿಯಂತ್ರಣ ಕೊಠಡಿಗೆ ಇಂಥ ಪರದೆ ಕೂರಿಸಿತು. ಇವೆಲ್ಲ ಒಂದೇ ಬೆರಳಿಗೆ ಓಗೊಡುತ್ತಿದ್ದವು. ಒಂದಕ್ಕಿಂತ ಹೆಚ್ಚು ಬೆರಳನ್ನು ಒಟ್ಟಿಗೆ ಅರಿಯುವ ಮೊದಲ ಸಾಧನಗಳಲ್ಲಿ ಒಂದನ್ನು 1982ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕಟ್ಟಿದವರು ನಿಮಿಷ್ ಮೆಹ್ತಾ. ಮಸುಕು ಗಾಜಿನ ಹಿಂದೆ ಕ್ಯಾಮೆರಾ ಇಟ್ಟು, ಗಾಜಿಗೆ ತಾಕಿದ ಬೆರಳುಗಳು ಕಪ್ಪು ಚುಕ್ಕಿಗಳಾಗಿ ಕಾಣುವ ಹಾಗೆ ಮಾಡಿದ್ದರು. ಅದು ಅವರ ಸ್ನಾತಕೋತ್ತರ ಪ್ರಬಂಧದ ಕೆಲಸ. ಮೂರು ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯದ ಬಿಲ್ ಬಕ್ಸ್‌ಟನ್ ಮತ್ತು ಸಂಗಡಿಗರು ಕ್ಯಾಮೆರಾ ಇಲ್ಲದೆ, ವಿದ್ಯುತ್ ಧಾರಕತೆಯ ಬಲದಿಂದಲೇ ಹಲವು ಬೆರಳನ್ನು ಗುರುತಿಸುವ ಹಲಗೆ ಮಾಡಿ ತೋರಿಸಿದರು.

ಯಂತ್ರಾಂಶ ಹೀಗೆ 1985ರ ಹೊತ್ತಿಗೇ ದಾರಿ ಕಂಡುಕೊಂಡಿತ್ತು. ದಾರಿಗೆ ಅಡ್ಡ ನಿಂತದ್ದು ತಂತ್ರಾಂಶ. 1984ರಲ್ಲಿ ಆಪಲ್ ಮ್ಯಾಕಿಂಟೋಷ್ ಬಂತು. ಅದೇ ವರ್ಷ ಎಂಐಟಿಯಲ್ಲಿ ಯೂನಿಕ್ಸ್ ಯಂತ್ರಗಳ ಎಕ್ಸ್ ವಿಂಡೋ ವ್ಯವಸ್ಥೆ ಹುಟ್ಟಿತು. ಕಿಟಕಿ, ಗುಂಡಿ, ಪಟ್ಟಿಗಳಿರುವ ಇಂಥ ಪರದೆಯ ಮೇಲೆ ನಡೆದದ್ದೆಲ್ಲ ಪ್ರೋಗ್ರಾಮಿಗೆ ತಲುಪುವುದು ಈವೆಂಟ್ ಎಂಬ ಸಣ್ಣ ಸಣ್ಣ ಸುದ್ದಿಗಳಾಗಿ: ಗುಂಡಿ ಒತ್ತಿದರು, ಇಲ್ಲಿಂದ ಅಲ್ಲಿಗೆ ಸರಿಸಿದರು, ಬಿಟ್ಟರು. ಈ ಸುದ್ದಿಯಲ್ಲಿ ಎಡಬಲದ ಅಳತೆ, ಮೇಲುಕೆಳಗಿನ ಅಳತೆ, ಹೊತ್ತು ಇರುತ್ತಿದ್ದವು. ಯಾರು, ಯಾವ ಬೆರಳು ಎಂಬುದಕ್ಕೆ ಜಾಗವೇ ಇರಲಿಲ್ಲ, ಏಕೆಂದರೆ ಬಾಣದ ಗುರುತು ಇದ್ದದ್ದೇ ಒಂದು. ಮುಂದಿನ ಇಪ್ಪತ್ತೈದು ವರ್ಷ ಬರೆದ ಕೋಟ್ಯಂತರ ಸಾಲು ಕೋಡ್ ಈ ಒಂಟಿ ಬಾಣವನ್ನು ನಂಬಿಕೊಂಡಿತ್ತು.

ಕರ್ನಾಟಕದಲ್ಲಿ ಬೆರಳಿಗೂ ಪರದೆಗೂ ಗಂಭೀರವಾದ ನಂಟು ಬೆಳೆದದ್ದು ಸಿಂಪ್ಯೂಟರ್‌ನಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಅದರ ಮೂಲಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಯಂತ್ರ. ಲಿನಕ್ಸ್ ಕಾರ್ಯವ್ಯವಸ್ಥೆ, ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು, ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ. ಅಕ್ಷರ ಮೂಡಿಸಲು ಟಪಾಟಪ್ ಎಂಬ ಪ್ರೋಗ್ರಾಂ. ಓದಲು ಬಾರದವರಿಗೆ ಕನ್ನಡ, ಹಿಂದಿಯಲ್ಲಿ ಗಟ್ಟಿಯಾಗಿ ಓದಿ ಹೇಳಲು ರಮೇಶ್ ಹರಿಹರನ್ ಬರೆದ ‘ಧ್ವನಿ’. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರೂ ತಮ್ಮ ಕಾರ್ಡ್ ತೂರಿಸಿ ತಮ್ಮ ಕೆಲಸ ಮಾಡಿಕೊಂಡು ಹೋಗಬೇಕು ಎಂಬುದು ಅದರ ಯೋಜನೆ. ‘ಯಾರದು’ ಎಂಬ ಪ್ರಶ್ನೆಗೆ ಸಿಂಪ್ಯೂಟರ್ ಕೊಟ್ಟ ಉತ್ತರ ಆ ಕಾರ್ಡ್. ಪರದೆಯನ್ನು ಮುಟ್ಟುವುದಕ್ಕೂ ಮುಂಚೆ ಮುಟ್ಟುವವರು ಯಾರೆಂದು ಯಂತ್ರಕ್ಕೆ ಗೊತ್ತಿರುತ್ತಿತ್ತು. ಇವತ್ತಿನ ಫೋನಿನಲ್ಲಿ ಇಲ್ಲದ ಒಂದು ವಿವೇಕ ಆ ಯೋಜನೆಯಲ್ಲಿತ್ತು ಎಂದು ಧಾರಾಳವಾಗಿ ಹೇಳಬಹುದು.

ಆ ಕಾಲದ ಕೈಯಂತ್ರಗಳ ಪರದೆ ಸಾಮಾನ್ಯವಾಗಿ ಒತ್ತಡದಿಂದ ಕೆಲಸ ಮಾಡುವಂಥದ್ದು. ವಿದ್ಯುತ್ ಹರಿಯುವ ಎರಡು ತೆಳು ಪದರಗಳು ಕೂದಲೆಳೆಯಷ್ಟು ಅಂತರದಲ್ಲಿರುತ್ತವೆ. ಕಡ್ಡಿ ಒತ್ತಿದಲ್ಲಿ ಮೇಲಿನದು ಕೆಳಗಿನದಕ್ಕೆ ತಾಗುತ್ತದೆ. ಒಂದು ಪದರದ ಈ ತುದಿಯಿಂದ ಆ ತುದಿಗೆ ವೋಲ್ಟೇಜ್ ಕೊಟ್ಟು ಇನ್ನೊಂದು ಪದರದಲ್ಲಿ ಅಳೆದರೆ ಎಡಬಲದ ಸ್ಥಾನ ಸಿಕ್ಕಿತು. ಅದಲುಬದಲು ಮಾಡಿ ಅಳೆದರೆ ಮೇಲುಕೆಳಗಿನದು. ನಾಲ್ಕು ತಂತಿ ಸಾಕು, ಬೆಲೆಯೂ ಅಗ್ಗ, ಉಗುರಿನಿಂದ ಒತ್ತಿದರೂ ನಡೆದೀತು. ಆದರೆ ಎರಡು ಕಡೆ ಒಟ್ಟಿಗೆ ಒತ್ತಿದರೆ ಎರಡರ ನಡುವೆ ಎಲ್ಲೋ, ಯಾರೂ ಮುಟ್ಟದ ಜಾಗವೊಂದನ್ನು ತೋರಿಸುತ್ತದೆ. ಆ ಪರದೆಯಿಂದ ಎರಡನೆಯ ಬೆರಳಿನ ಸುದ್ದಿ ಕೇಳುವುದು ಸಾಧ್ಯವೇ ಇರಲಿಲ್ಲ.

2004ರ ಏಪ್ರಿಲ್‌ನಲ್ಲಿ ಅದೇ ನಾಲ್ವರ ಪಿಕೊಪೇಟ ಕಂಪನಿ ಬಿಇಎಲ್ ಜೊತೆಗೂಡಿ ಅಮಿಡ ಸಿಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಾಗ ಪರದೆಯ ಈ ಕೊರತೆಯನ್ನು ಇನ್ನೊಂದು ಬಗೆಯಲ್ಲಿ ದಾಟುವ ಪ್ರಯತ್ನ ಅದರೊಳಗಿತ್ತು. ಚಲನೆ ಅರಿಯುವ ಚಿಪ್ ಕೂರಿಸಿದ್ದರು. ಮಣಿಕಟ್ಟನ್ನು ಚಿಮ್ಮಿಸಿದರೆ ಪುಟ ಮಗುಚುತ್ತಿತ್ತು. ಯಂತ್ರವನ್ನೇ ಅಲ್ಲಾಡಿಸಿ ಹೇಳುವ ಈ ಸನ್ನೆ ಐಫೋನಿಗಿಂತ ಸುಮಾರು ಮೂರು ವರ್ಷ ಮುಂಚಿನದು. ಅಮಿಡ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎಂಬುದನ್ನಷ್ಟೇ ಈಗ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ನಾಲ್ವರು ಪ್ರಾಧ್ಯಾಪಕರು ಸನ್ನೆಯನ್ನು ಕಂಪ್ಯೂಟರಿನ ಭಾಷೆಯಾಗಿಸಲು ಅಷ್ಟು ಬೇಗ ಕೈ ಹಾಕಿದ್ದರು ಎಂಬುದೂ ಅಷ್ಟೇ ನೆನಪಿಡಬೇಕಾದ ವಿಷಯ.

ಅದೇ ಹೊತ್ತಿಗೆ, 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಪಿ ಲ್ಯಾಬ್ಸ್ ಇಂಡಿಯಾದಲ್ಲಿ ಶೇಖರ್ ಬೋರ್ಗಾಂವ್‌ಕರ್ ಮತ್ತಿತರರು ನಮ್ಮ ಲಿಪಿಗಳ ಕಡೆಯಿಂದಲೇ ಸನ್ನೆಯನ್ನು ನೋಡಿದರು. ಇಂಗ್ಲಿಷ್ ಕೀಲಿಮಣೆಯಲ್ಲಿ ಒಂದು ಕೀಲಿಗೆ ಒಂದು ಅಕ್ಷರ. ಕನ್ನಡದಲ್ಲಿ ‘ಕ’ ಕಲಿತ ಮಗು ಅದರ ಬೆನ್ನಿಗೇ ಕಾಗುಣಿತ ಕಲಿಯುತ್ತದೆ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ. ವ್ಯಂಜನ ಒಂದು ಆಧಾರ, ಸ್ವರ ಅದರ ಮೇಲೆ ಬರೆಯುವ ಗೀಟು. ಹಾಗಿದ್ದರೆ ಕೀಲಿಮಣೆಯೂ ಹಾಗೇ ಯಾಕಿರಬಾರದು? ಅವರ ಗೆಸ್ಚರ್ ಕೀಬೋರ್ಡ್‌ನಲ್ಲಿ ವ್ಯಂಜನಗಳನ್ನು ಅಚ್ಚು ಮಾಡಿದ ಹಲಗೆ ಇತ್ತು, ಕೈಯಲ್ಲಿ ಕಡ್ಡಿ. ‘ಕ’ ಚೌಕವನ್ನು ಸುಮ್ಮನೆ ಒತ್ತಿದರೆ ‘ಕ’. ಅದೇ ಚೌಕದ ಮೇಲೆ ಸ್ವರಚಿಹ್ನೆ ಬರೆದರೆ ಆ ಗುಣಿತಾಕ್ಷರ. ಎಲ್ಲಿ ಬರೆದರು ಎಂಬುದು ವ್ಯಂಜನವನ್ನು ಹೇಳಿದರೆ, ಏನು ಬರೆದರು ಎಂಬುದು ಸ್ವರವನ್ನು ಹೇಳುತ್ತದೆ. ಕೈಬರಹ ಗುರುತಿಸುವ ಕಷ್ಟದ ಕೆಲಸವೂ ಇದರಿಂದ ಹಗುರವಾಯಿತು; ಯಂತ್ರ ನೂರಾರು ಗುಣಿತಾಕ್ಷರಗಳ ನಡುವೆ ಹುಡುಕಬೇಕಿರಲಿಲ್ಲ, ಹತ್ತು ಹದಿನೈದು ಸ್ವರಚಿಹ್ನೆಗಳ ನಡುವೆ ಹುಡುಕಿದರೆ ಸಾಕಿತ್ತು. ಗುರುತಿಸುವ ತಂತ್ರಾಂಶವನ್ನು ಪ್ರಯೋಗಾಲಯ ‘ಲಿಪಿ ಟೂಲ್‌ಕಿಟ್’ ಎಂಬ ಹೆಸರಿನಲ್ಲಿ ಎಲ್ಲರೂ ಬಳಸುವಂತೆ ಮುಕ್ತವಾಗಿ ಬಿಟ್ಟಿತು.

ಇನ್ನು ಮಕ್ಕಳ ಕೈಗಳ ಕಥೆ.

ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ 2005ರ ಜನವರಿಯಲ್ಲಿ ಬೆಂಗಳೂರಿನ ಸದಾಶಿವನಗರದಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕೆಂಟಾರೊ ಟೊಯಾಮಾ ಮುನ್ನಡೆಸುತ್ತಿದ್ದ ತಂಡ ಬಡವರ ಬದುಕಿನಲ್ಲಿ ಕಂಪ್ಯೂಟರ್ ಏನು ಮಾಡಬಲ್ಲದು ಎಂದು ನೋಡುತ್ತಿತ್ತು. ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಗಳನ್ನು ಗಮನಿಸಿದ ಜೊಯೊಜೀತ್ ಪಾಲ್ ಒಂದು ದೃಶ್ಯವನ್ನು ಮತ್ತೆ ಮತ್ತೆ ಕಂಡರು: ಒಂದು ಯಂತ್ರ, ಸುತ್ತ ಮಕ್ಕಳ ಗುಂಪು, ಮೌಸ್ ಮಾತ್ರ ಒಂದು ಮಗುವಿನ ಕೈಯಲ್ಲಿ. ಆ ಮಗು ಕಲಿಯುತ್ತಿತ್ತು, ಮಿಕ್ಕವರು ನೋಡುತ್ತಿದ್ದರು. ಯಾರ ಕೈಗೆ ಮೌಸ್ ಸಿಗುತ್ತದೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಆ ಗುಂಪಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಸಂಗತಿ. ಸರ್ಕಾರಿ ಶಾಲೆಯಲ್ಲಿ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಲೆಗೊಂದು ಕಂಪ್ಯೂಟರ್ ಕೊಡಿಸುವಷ್ಟು ದುಡ್ಡು ಯಾವ ಶಾಲೆಯಲ್ಲೂ ಇರಲಿಲ್ಲ. ತಲೆಗೊಂದು ಮೌಸ್ ಕೊಡಿಸುವುದು ಸಾಧ್ಯವಿತ್ತು. ಉದಯ್ ಸಿಂಗ್ ಪವಾರ್ ಒಂದೇ ಯಂತ್ರಕ್ಕೆ ಹಲವು ಯುಎಸ್‌ಬಿ ಮೌಸ್ ಜೋಡಿಸಿ, ಪ್ರತಿ ಮೌಸ್‌ಗೂ ಬೇರೆ ಬೇರೆ ಬಣ್ಣದ ಬಾಣ ಮೂಡಿಸುವ ಪ್ರೋಗ್ರಾಂ ಬರೆದರು. ಪವಾರ್, ಪಾಲ್, ಟೊಯಾಮಾ ಸೇರಿ 2006ರಲ್ಲಿ ಬರ್ಕ್ಲಿಯ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸಿದರು. ಮಲ್ಟಿಪಾಯಿಂಟ್ ಎಂಬ ಹೆಸರಿನಲ್ಲಿ ಮೈಕ್ರೋಸಾಫ್ಟ್ ಮುಂದೆ ಇದರ ಪ್ರೋಗ್ರಾಮಿಂಗ್ ಕಿಟ್ ಅನ್ನೂ ಕೊಟ್ಟಿತು.

ಹೇಳುವಾಗ ಸುಲಭ ಅನ್ನಿಸುತ್ತದೆ. ವಿಂಡೋಸ್ ಒಳಗಡೆ ಸುಲಭವಿರಲಿಲ್ಲ. ಒಂದು ಯಂತ್ರಕ್ಕೆ ಐದು ಮೌಸ್ ಚುಚ್ಚಿದರೆ ವಿಂಡೋಸ್ ಐದರ ಚಲನೆಯನ್ನೂ ಕಲೆಸಿ ಒಂದೇ ಬಾಣವನ್ನು ಎಳೆದಾಡಿಸುತ್ತಿತ್ತು. ಸುದ್ದಿ ಯಾವ ಸಾಧನದಿಂದ ಬಂತು ಎಂದು ಪ್ರೋಗ್ರಾಂ ಕೇಳಿ ತಿಳಿಯುವ ಒಂದು ಒಳದಾರಿ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದಿತ್ತು. ಹಾಗೆ ಕೇಳಿದ ಮೇಲೂ ಗುಂಡಿ, ಪಟ್ಟಿ, ಅಕ್ಷರ ತುಂಬುವ ಚೌಕ ಎಲ್ಲವೂ ಹಳೆಯ ನಂಬಿಕೆಯವೇ. ಕೆಂಪು ಬಾಣದ ಮಗು ಗುಂಡಿಯನ್ನು ಒತ್ತಿ ಹಿಡಿದಿರುವಾಗ ನೀಲಿ ಬಾಣದ ಮಗು ಅದೇ ಗುಂಡಿಯಿಂದ ಬೆರಳೆತ್ತಿದರೆ ಗುಂಡಿ ಒತ್ತಿದೆಯೋ ಬಿಟ್ಟಿದೆಯೋ? ಒಬ್ಬರು ಒಂದು ಚೌಕದಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ ಬರೆಯಹೊರಟರೆ ಕೀಲಿಮಣೆಯ ಅಕ್ಷರ ಎಲ್ಲಿಗೆ ಹೋಗಬೇಕು? ಪರದೆಯ ಒಂದೊಂದು ಉಪಕರಣವನ್ನೂ ಹೊಸದಾಗಿ ಯೋಚಿಸಬೇಕಾಯಿತು.

ಪಾಠದ ದೃಷ್ಟಿಯಿಂದಲೂ ಹೊಸ ಪ್ರಶ್ನೆ ಎದ್ದಿತು. ಬೆಂಗಳೂರಿನ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಪದ ಕಲಿಸುವ ಆಟವನ್ನು ಈ ತಂಡ ಬೇರೆ ಬೇರೆ ನಿಯಮಗಳಲ್ಲಿ ಪರೀಕ್ಷಿಸಿತು. 2007ರಲ್ಲಿ ಅದರ ವರದಿ ಬಂತು. ಒಂದು ನಿಯಮದಲ್ಲಿ ಯಾರು ಮೊದಲು ಸರಿಯುತ್ತರ ಒತ್ತಿದರೂ ಆಟ ಮುಂದಕ್ಕೆ ಹೋಗುತ್ತಿತ್ತು. ಇನ್ನೊಂದರಲ್ಲಿ ಎಲ್ಲರೂ ಅದೇ ಉತ್ತರವನ್ನು ಒತ್ತಬೇಕಿತ್ತು. ಮೊದಲನೆಯದರಲ್ಲಿ, ಅದರಲ್ಲೂ ಗಂಡುಮಕ್ಕಳ ಗುಂಪುಗಳಲ್ಲಿ, ಓಟವೇ ಮುಖ್ಯವಾಗಿ ಕಲಿಕೆ ಹಿಂದಾಯಿತು. ಒಬ್ಬರನ್ನೊಬ್ಬರು ಕಾಯಬೇಕಾದ ಎರಡನೆಯ ನಿಯಮದಲ್ಲಿ ಮಕ್ಕಳು ಒಂಟಿಯಾಗಿ ಒಂದು ಕಂಪ್ಯೂಟರ್ ಪಡೆದವರ ಮಟ್ಟಕ್ಕೆ ಕಲಿತರು. ಹಲವು ಕೈಗಳ ಈವೆಂಟುಗಳನ್ನು ಹೇಗೆ ಕೂಡಿಸಬೇಕು ಎಂಬ ಪ್ರೋಗ್ರಾಮರನ ತೀರ್ಮಾನ ತರಗತಿಯ ಹಿಂದಿನ ಸಾಲಿನ ಹುಡುಗಿಗೆ ಪದ ನೆನಪಿರುತ್ತದೋ ಇಲ್ಲವೋ ಎಂಬಲ್ಲಿಗೆ ಹೋಗಿ ಮುಟ್ಟಿತ್ತು. ಈ ಕ್ಷೇತ್ರದಲ್ಲಿ ಭಾರತದಿಂದ ಬಂದ ಅತಿ ಬೆಲೆಯುಳ್ಳ ಕೆಲಸಗಳಲ್ಲಿ ಇದೊಂದು.

ಆಸ್ಟ್ರೇಲಿಯಾದಲ್ಲಿ ಪೀಟರ್ ಹಟರರ್ ಇದೇ ಗಂಟನ್ನು ಲಿನಕ್ಸ್ ಕಡೆಯಿಂದ ಬಿಡಿಸುತ್ತಿದ್ದರು. ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ‘ಮಲ್ಟಿ ಪಾಯಿಂಟರ್ ಎಕ್ಸ್’ 2009ರ ಅಕ್ಟೋಬರ್‌ನಲ್ಲಿ ಎಕ್ಸ್ ಸರ್ವರ್‌ನ 1.7ನೇ ಆವೃತ್ತಿಯ ಭಾಗವಾಗಿ ಹೊರಬಂತು. ಅಷ್ಟರಲ್ಲಿ ಜಗತ್ತಿನ ಕಣ್ಣು ಬೇರೆಡೆ ನೆಟ್ಟಿತ್ತು. ಡೆಲವೇರ್ ವಿಶ್ವವಿದ್ಯಾಲಯದ ವೇಯ್ನ್ ವೆಸ್ಟರ್‌ಮನ್ ಮತ್ತು ಜಾನ್ ಎಲಿಯಾಸ್ ಕಟ್ಟಿದ ಫಿಂಗರ್‌ವರ್ಕ್ಸ್ ಕಂಪನಿಯನ್ನು ಆಪಲ್ 2005ರಲ್ಲಿ ಕೊಂಡಿತ್ತು. ಟೈಪ್ ಮಾಡಿ ಮಾಡಿ ಕೈ ನೋವು ಹತ್ತಿದ್ದ ವೆಸ್ಟರ್‌ಮನ್ ಒತ್ತದೆ ಬರಿದೇ ತಾಗಿಸಿ ನಡೆಸುವ ಹಲಗೆ ಹುಡುಕಿಕೊಂಡು ಹೊರಟವರು. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನ್ ತೋರಿಸಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು.

ಐಫೋನಿನ ಗಾಜಿನ ಕೆಳಗೆ ಅಡ್ಡ, ಉದ್ದ ಎಳೆಗಳ ಜಾಲವಿತ್ತು. ಎಳೆಗಳು ಹಾದುಹೋಗುವ ಒಂದೊಂದು ಸಂಧಿಯನ್ನೂ ಬೇರೆಯಾಗಿ ಅಳೆಯುತ್ತಿದ್ದರು. ಆಗಿನ ಅಗ್ಗದ ಪರದೆಗಳು ಹೀಗಿರಲಿಲ್ಲ. ಅವು ಯಾವ ಅಡ್ಡ ಎಳೆಯಲ್ಲಿ ಬೆರಳಿದೆ, ಯಾವ ಉದ್ದ ಎಳೆಯಲ್ಲಿ ಬೆರಳಿದೆ ಎಂದಷ್ಟೇ ಹೇಳುತ್ತಿದ್ದವು. ಒಂದು ಬೆರಳಿಗೆ ಇದು ಸಾಕು. ಎರಡು ಬೆರಳಿಟ್ಟರೆ ಎರಡು ಅಡ್ಡ ಎಳೆ, ಎರಡು ಉದ್ದ ಎಳೆ ಎದ್ದು ಕಾಣುತ್ತವೆ. ಅವು ಕೂಡುವ ಸಂಧಿಗಳು ನಾಲ್ಕು. ಎರಡು ನಿಜ, ಎರಡು ಸುಳ್ಳು. 2010ರ ಜನವರಿಯಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನಿನಲ್ಲಿ ಈ ತೊಡಕು ಬಯಲಿಗೇ ಬಿತ್ತು. ಎರಡು ಬೆರಳು ಒಂದೇ ಸಾಲಿಗೆ ಬಂದು ದಾಟಿದ ಕೂಡಲೇ ಫೋನು ಅವುಗಳ ಸ್ಥಾನವನ್ನು ಅದಲುಬದಲು ಮಾಡುತ್ತಿತ್ತು. ಹಿಗ್ಗಿಸು, ಕುಗ್ಗಿಸು ಎಂಬುದಕ್ಕೆ ಬೆರಳುಗಳ ನಡುವಿನ ದೂರ ಸಾಕಾದ್ದರಿಂದ ಅದು ನಡೆಯುತ್ತಿತ್ತು. ಎರಡು ಬೆರಳಿನಿಂದ ತಿರುಗಿಸುವ ಸನ್ನೆ ಮುಗ್ಗರಿಸುತ್ತಿತ್ತು. ಬೆಂಗಳೂರಿನಲ್ಲಾಗಲಿ ಬೇರೆಲ್ಲಾಗಲಿ ಆ ವರ್ಷ ಆಂಡ್ರಾಯ್ಡ್ ಆಟ ಬರೆದವರು ಕೋಡ್ ಸರಿಯಿದ್ದರೂ ಪರದೆಯ ತಪ್ಪಿಗೆ ರಾತ್ರಿಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಿತ್ತು.

ಬೆರಳುಗಳನ್ನು ಪ್ರತ್ಯೇಕವಾಗಿ ಕಂಡ ಮೇಲೂ ಅವುಗಳನ್ನು ಪ್ರೋಗ್ರಾಮಿಗೆ ಹೇಗೆ ಹೇಳುವುದು ಎಂಬುದು ಉಳಿಯಿತು. ಪರದೆ ಸೆಕೆಂಡಿಗೆ ಹತ್ತಾರು ಬಾರಿ ‘ಇಲ್ಲೊಂದು, ಅಲ್ಲೊಂದು’ ಎಂದು ಹೇಳುತ್ತದೆ. ಈ ಸಲದ ‘ಇಲ್ಲೊಂದು’ ಹೋದ ಸಲದ ಯಾವುದು? ಅದು ಗೊತ್ತಾಗದಿದ್ದರೆ ಬೆರಳು ಸರಿಯಿತೋ, ಒಂದನ್ನೆತ್ತಿ ಇನ್ನೊಂದನ್ನಿಟ್ಟರೋ ತಿಳಿಯುವುದಿಲ್ಲ. ಸ್ವೀಡನ್ನಿನ ಹೆನ್ರಿಕ್ ರಿಡ್‌ಬರ್ಗ್ ಲಿನಕ್ಸ್ ತಿರುಳಿಗೆ ಇದರ ನಿಯಮಾವಳಿ ಬರೆದರು, 2009ರ 2.6.30 ಆವೃತ್ತಿಯಲ್ಲಿ ಅದು ಸೇರಿತು, 2010ರಲ್ಲಿ ಸುಧಾರಿಸಿತು. ಅದರ ಪ್ರಕಾರ ಬೆರಳು ಗಾಜಿಗೆ ತಾಗಿದ ಕೂಡಲೇ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಬ್ಯಾಂಕಿನ ಟೋಕನ್ ಹಾಗೆ: ಒಳಗಿರುವ ತನಕ ಅದು ನಿಮ್ಮದು, ಹೊರಟಾಗ ಹಿಂದಿರುಗಿಸಬೇಕು. 2009ರ ಅಕ್ಟೋಬರ್‌ನ ಆಂಡ್ರಾಯ್ಡ್ 2.0 ಕೂಡ ಇದೇ ತತ್ವದಲ್ಲಿ ಪ್ರತಿ ಬೆರಳಿಗೊಂದು ಐಡಿ ಕೊಟ್ಟಿತು. ವಿಂಡೋಸ್ 7 ಅದೇ ತಿಂಗಳು ಟಚ್ ಈವೆಂಟುಗಳ ಸಮೇತ ಬಂತು. ಡಿಸೆಂಬರ್‌ನಲ್ಲಿ ಪರದೆಯ ಗುಂಡಿ, ಪಟ್ಟಿಗಳನ್ನು ಕಟ್ಟಿಕೊಡುವ ಕ್ಯೂಟಿ ತಂತ್ರಾಂಶದ 4.6 ಆವೃತ್ತಿ. ಒಂಟಿ ಬಾಣದ ಆಳ್ವಿಕೆ ಒಂದೇ ಚಳಿಗಾಲದಲ್ಲಿ ಕೊನೆಗೊಂಡಿತು ಎಂದರೂ ನಡೆಯುತ್ತದೆ. ಎಕ್ಸ್ ಸರ್ವರ್ ಮಾತ್ರ ತಡ. ಬೆರಳುಗಳ ಈವೆಂಟ್ ಅದಕ್ಕೆ ಬಂದದ್ದು 2012ರ ಮಾರ್ಚ್‌ನಲ್ಲಿ.

ಈ ಬದಲಾವಣೆಗಳ ಸುದ್ದಿ ಬೆಂಗಳೂರಿಗೆ ಪುಸ್ತಕದಿಂದ ಬರಲಿಲ್ಲ, ಸಭೆಗಳಿಂದ ಬಂತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್ ಡಾಟ್ ಇನ್ ಎನಿಸಿಕೊಂಡ ಸಮಾವೇಶ ಆ ವರ್ಷಗಳಲ್ಲಿ ನಿಮ್ಹಾನ್ಸ್ ಸಭಾಂಗಣದಲ್ಲಿ ಸೇರುತ್ತಿತ್ತು. ಕ್ಯೂಟಿ ಬಳಸಿ ತಂತ್ರಾಂಶ ಕಟ್ಟುವ ಕೆಡಿಇ ತಂಡದ ಮೊದಲ ಭಾರತೀಯ ಸಮ್ಮೇಳನ 2011ರ ಮಾರ್ಚ್‌ನಲ್ಲಿ ನಡೆದದ್ದು ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅದೇ ವರ್ಷ ಇಂದಿರಾನಗರದ ಹ್ಯಾಸ್‌ಗೀಕ್ ಆಂಡ್ರಾಯ್ಡ್ ಬರೆಯುವವರಿಗಾಗಿ ಡ್ರಾಯ್ಡ್‌ಕಾನ್ ಏರ್ಪಡಿಸತೊಡಗಿತು. ಅದೇ 2011ರಲ್ಲಿ ಬೆಂಗಳೂರಿನ ನೋಷನ್ ಇಂಕ್ ಕಂಪನಿಯ ಆಡಮ್ ಟ್ಯಾಬ್ಲೆಟ್ ಗಿರಾಕಿಗಳ ಕೈಸೇರಿತು. ಅದರ ಪರದೆಯಲ್ಲಿ ಹಲವು ಆ್ಯಪ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆದಿಡುವ ಏರ್ಪಾಡಿತ್ತು. ಆಂಡ್ರಾಯ್ಡ್‌ನಲ್ಲಿ ಅಲ್ಲಿಯವರೆಗೆ ಮೊದಲ ಬೆರಳು ಯಾವ ಭಾಗದ ಮೇಲೆ ಇಳಿಯಿತೋ ಉಳಿದ ಬೆರಳುಗಳ ಸುದ್ದಿಯೂ ಆ ಭಾಗಕ್ಕೇ ಹೋಗುತ್ತಿತ್ತು. ಬೇರೆ ಬೇರೆ ಭಾಗದ ಮೇಲಿರುವ ಬೆರಳುಗಳನ್ನು ಆಯಾ ಭಾಗಕ್ಕೆ ಹಂಚುವ ವ್ಯವಸ್ಥೆ ಬಂದದ್ದು 2011ರ 3.0 ಆವೃತ್ತಿಯಲ್ಲಿ.

ಬೆರಳಿನ ಈವೆಂಟ್ ಸಿಕ್ಕರೆ ಅದು ಕಚ್ಚಾ ಮಾಲು. ಅದರಿಂದ ಸನ್ನೆ ಅರಿಯುವುದು ಇನ್ನೊಂದು ಹಂತ. ಬೆರಳು ಇಳಿದ ಕ್ಷಣ ಯಂತ್ರಕ್ಕೆ ಏನೂ ಗೊತ್ತಿಲ್ಲ. ಅದು ಟ್ಯಾಪ್ ಆಗಬಹುದು, ಒತ್ತಿ ಹಿಡಿಯುವುದಾಗಬಹುದು, ಪಟ್ಟಿ ಸರಿಸುವುದಾಗಬಹುದು, ಎರಡು ಬಾರಿ ತಟ್ಟುವುದರ ಮೊದಲರ್ಧವಾಗಬಹುದು. ಆಂಡ್ರಾಯ್ಡ್ ಇದಕ್ಕೆ ಅಳತೆಗಳನ್ನು ಇಟ್ಟುಕೊಂಡಿದೆ. ಇಳಿದಲ್ಲಿಂದ 8 ಡಿಪಿಯಷ್ಟು, ಎಂದರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಸರಿಯುವವರೆಗೆ ಅದನ್ನು ಕೈನಡುಕವೆಂದೇ ಎಣಿಸುತ್ತದೆ. ಅಲುಗದೆ ಅರ್ಧ ಸೆಕೆಂಡು ನಿಂತರೆ ಒತ್ತಿ ಹಿಡಿದಂತೆ. ಇತ್ತೀಚೆಗೆ ಇದನ್ನು 400 ಮಿಲಿಸೆಕೆಂಡಿಗೆ ಇಳಿಸಿದ್ದಾರೆ. ಎರಡನೆಯ ತಟ್ಟಿಗೆ 300 ಮಿಲಿಸೆಕೆಂಡು ಕಾಯುತ್ತದೆ. ಇದೇ ಕಾಯುವಿಕೆಯಿಂದ ಫೋನಿನ ಬ್ರೌಸರಿನಲ್ಲಿ ಪ್ರತಿ ಕೊಂಡಿಯೂ ತುಸು ತಡವಾಗಿ ತೆರೆಯುತ್ತಿತ್ತು. ಪರದೆಯ ಅಗಲಕ್ಕೆ ಹೊಂದಿಸಿ ಬರೆದ ಪುಟಗಳಿಗೆ ಕ್ರೋಮ್ 2014ರಲ್ಲಿ ಅದನ್ನು ತೆಗೆದುಹಾಕಿತು. ನಡುಗುವ ಮುದಿ ಕೈಗಳಿಗೆ, ಉಳುಮೆಯಲ್ಲಿ ಒರಟಾದ ಬೆರಳುಗಳಿಗೆ ಈ ಅಳತೆಗಳು ಒಗ್ಗುತ್ತವೆಯೇ ಎಂದು ನಮ್ಮ ಆ್ಯಪ್ ಕಟ್ಟುವವರು ಇನ್ನಷ್ಟು ಕೇಳಿಕೊಳ್ಳಬೇಕು. ಬಸ್ ಟಿಕೆಟ್, ಪಿಂಚಣಿ, ಪಡಿತರ ಎಲ್ಲವೂ ಗಾಜಿನ ಮೇಲೆ ಬಂದಿರುವ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಒಂದು ಬೆರಳಾದರೆ ಪಟ್ಟಿ ಸರಿಸು, ಎರಡಾದರೆ ಹಿಗ್ಗಿಸು ಎಂಬ ವಿಂಗಡಣೆಯ ಮೇಲೇ ಆಪಲ್ ಪೇಟೆಂಟ್ ಪಡೆದಿತ್ತು. ಅಮೆರಿಕದಲ್ಲಿ ‘915 ಪೇಟೆಂಟ್’ ಎಂದೇ ಹೆಸರಾಯಿತು. 2012ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಸ್ಯಾಮ್‌ಸಂಗ್ ವಿರುದ್ಧ ನೂರು ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ವಿಧಿಸಿದಾಗ ಅದರಲ್ಲಿ ಈ ಪೇಟೆಂಟೂ ಇತ್ತು. ಮರುವರ್ಷ ಅಮೆರಿಕದ ಪೇಟೆಂಟ್ ಕಚೇರಿಯೇ ಮರುಪರಿಶೀಲನೆಯಲ್ಲಿ ಅದನ್ನು ತಿರಸ್ಕರಿಸಿತು. ಎರಡು ಕಂಪನಿಗಳ ನಡುವಿನ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2018ರಲ್ಲಿ. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ವಿಧಿ ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಕೊಡುವುದಿಲ್ಲ. ಬೆರಳೆಣಿಸುವ ಒಂದು ಷರತ್ತಿನ ಸಾಲನ್ನು ಯಾರೋ ಒಬ್ಬರ ಸೊತ್ತು ಮಾಡಿಕೊಡದೆ ಇದ್ದದ್ದು ಸರಿಯಾದ ತೀರ್ಮಾನ. ಟೊರಾಂಟೊದ ವಿದ್ಯಾರ್ಥಿಯಿಂದ ಹಿಡಿದು ಎಷ್ಟು ಜನರ ಕೆಲಸ ಅದರ ಹಿಂದಿದೆ ಎಂದು ಬಲ್ಲವರಿಗೆ ಇದರಲ್ಲಿ ಅನುಮಾನ ಬಾರದು.

ಕನ್ನಡ ಬರವಣಿಗೆಗೆ ಈ ಬೆಳವಣಿಗೆಯ ಫಲ ಸಿಕ್ಕಿದ್ದು ಮುಂಬೈ ಐಐಟಿಯಿಂದ. ಅಲ್ಲಿನ ವಿನ್ಯಾಸ ಕೇಂದ್ರದ ಅನಿರುದ್ಧ ಜೋಶಿ ಮತ್ತವರ ತಂಡ 2013ರಿಂದ ಆಂಡ್ರಾಯ್ಡ್‌ಗೆ ‘ಸ್ವರಚಕ್ರ’ ಕೀಲಿಮಣೆ ಬಿಡುಗಡೆ ಮಾಡಿತು. ಹಲವು ಭಾರತೀಯ ಭಾಷೆಗಳ ಜೊತೆ ಕನ್ನಡಕ್ಕೂ ಬಂತು. ‘ಕ’ ಮೇಲೆ ಬೆರಳಿಟ್ಟರೆ ಸುತ್ತ ಅದರ ಕಾಗುಣಿತ ಚಕ್ರವಾಗಿ ಅರಳುತ್ತದೆ. ಬೆರಳೆತ್ತದೆ ಬೇಕಾದ ಕಡೆ ಜಾರಿಸಿ ಬಿಟ್ಟರೆ ‘ಕೊ’ ಅಥವಾ ‘ಕೀ’. ಈವೆಂಟುಗಳ ಭಾಷೆಯಲ್ಲಿ ಇದು ಅಚ್ಚುಕಟ್ಟು: ಇಳಿದದ್ದು ವ್ಯಂಜನ, ಸರಿದದ್ದು ಸ್ವರ, ಎತ್ತಿದ್ದು ಅಕ್ಷರ ಪೂರ್ತಿ. ನಡುವೆ ಯಾರದೋ ಕರೆ ಬಂದರೆ ಕಾರ್ಯವ್ಯವಸ್ಥೆ ‘ರದ್ದು’ ಎಂಬ ನಾಲ್ಕನೆಯ ಸುದ್ದಿ ಕಳಿಸುತ್ತದೆ, ಆಗ ಅರ್ಧ ಅರಳಿದ ಚಕ್ರವನ್ನು ಮುಚ್ಚಿ ಏನೂ ಮೂಡಿಸದೆ ಬಿಡಬೇಕು. ಈ ನಾಲ್ಕನೆಯದನ್ನು ಮರೆತ ಆ್ಯಪ್‌ಗಳಲ್ಲಿ ಗುಂಡಿ ಒತ್ತಿದ ಹಾಗೇ ಅಂಟಿಕೊಂಡಿರುವುದನ್ನು ಫೋನ್ ಬಳಸುವ ಎಲ್ಲರೂ ನೋಡಿದ್ದಾರೆ. ಎಚ್‌ಪಿ ಲ್ಯಾಬ್ಸ್‌ನಲ್ಲಿ ಕಡ್ಡಿ ಹಿಡಿದು ಮಾಡಿದ ಯೋಚನೆಯೂ ಇದೂ ಒಂದೇ ಬೇರಿನವು. ಎರಡಕ್ಕೂ ಮೂಲ ಕಾಗುಣಿತ.

2015ರ ಫೆಬ್ರವರಿಯಲ್ಲಿ ವೆಬ್ ಮಾನಕಗಳ ಒಕ್ಕೂಟ ಮೌಸ್, ಪೆನ್ನು, ಬೆರಳು ಮೂರನ್ನೂ ಒಂದೇ ಬಗೆಯ ‘ಪಾಯಿಂಟರ್ ಈವೆಂಟ್’ ಅಡಿಯಲ್ಲಿ ತಂದಿತು. ಕ್ರೋಮ್ ಅದನ್ನು 2016ರಲ್ಲಿ ಅಳವಡಿಸಿತು, ಆಪಲ್‌ನ ಸಫಾರಿ 2019ರಲ್ಲಿ. ಈಗ ವೆಬ್ ಪುಟ ಬರೆಯುವ ಹುಡುಗಿಗೆ ಪ್ರತಿ ಸುದ್ದಿಯ ಜೊತೆ ಸಂಖ್ಯೆಯೊಂದು ಬರುತ್ತದೆ, ಅದು ಮೌಸೋ ಪೆನ್ನೋ ಬೆರಳೋ ಎಂಬುದೂ ಬರುತ್ತದೆ. ಎಷ್ಟು ಬೆರಳು ಎಂಬ ಪ್ರಶ್ನೆ ಬಗೆಹರಿದಿದೆ.

ಯಾರ ಬೆರಳು ಎಂಬುದು ಬಗೆಹರಿದಿಲ್ಲ. ಅದಕ್ಕೂ ಒಂದು ಉತ್ತರ 2001ರಲ್ಲೇ ಸಿಕ್ಕಿತ್ತು: ಅಮೆರಿಕದ ಮಿತ್ಸುಬಿಷಿ ಪ್ರಯೋಗಾಲಯದ ಪಾಲ್ ಡೀಟ್ಸ್ ಮತ್ತು ಡ್ಯಾರೆನ್ ಲೀ ಕಟ್ಟಿದ ಡೈಮಂಡ್‌ಟಚ್ ಮೇಜು ಕೂತವರ ಕುರ್ಚಿಯ ಮೂಲಕ ಸಣ್ಣ ಸಂಕೇತ ಹಾಯಿಸಿ ಪ್ರತಿ ಸ್ಪರ್ಶ ಯಾರದೆಂದು ಅರಿಯುತ್ತಿತ್ತು. ಅದು ಪ್ರಯೋಗಾಲಯಗಳಿಂದಾಚೆಗೆ ಹೆಚ್ಚು ಹರಡಲಿಲ್ಲ. ಈಗ ಶಾಲೆಗಳಿಗೆ ಬರುತ್ತಿರುವ ಸ್ಮಾರ್ಟ್ ಬೋರ್ಡ್‌ಗಳು ಅಂಚಿನಲ್ಲಿ ಅವಗೆಂಪು ಕಿರಣಗಳನ್ನು ಕೂರಿಸಿಕೊಂಡು ಹತ್ತು, ಇಪ್ಪತ್ತು ಸ್ಪರ್ಶಗಳನ್ನು ಒಟ್ಟಿಗೆ ಹಿಡಿಯುತ್ತವೆ. ಇಬ್ಬರು ಮಕ್ಕಳನ್ನು ಕರೆದು ಕಾಗುಣಿತ ಬರೆಯಿರಿ ಎಂದರೆ ಇಬ್ಬರ ಗೀಟೂ ಮೂಡುತ್ತದೆ. ಆದರೆ ಒಬ್ಬಳು ಬೆರಳೆತ್ತಿ ಮತ್ತೆ ಇಟ್ಟರೆ ಬೋರ್ಡಿನ ಲೆಕ್ಕದಲ್ಲಿ ಅದು ಹೊಸ ಸಂಖ್ಯೆಯ ಹೊಸ ಬೆರಳು. ಅವಳದೋ ಪಕ್ಕದವನದೋ ಎಂದು ಅದು ಹೇಳಲಾರದು. ಆದ್ದರಿಂದ ಇಬ್ಬರ ಅಂಕ ಬೇರೆ ಬೇರೆ ಎಣಿಸಬೇಕಾದ ಪಾಠಗಳಲ್ಲಿ ಪ್ರೋಗ್ರಾಂ ಬರೆಯುವವರು ಈಗಲೂ ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಬಂದ ಸ್ಪರ್ಶವೆಲ್ಲ ಒಬ್ಬರದು, ಬಲಕ್ಕೆ ಬಂದದ್ದೆಲ್ಲ ಇನ್ನೊಬ್ಬರದು ಎಂದು ಇಟ್ಟುಕೊಳ್ಳುತ್ತಾರೆ.